ಪ್ರೋಟೀನ್ ದೇಹದಲ್ಲಿ, ಹೊಲದಲ್ಲಿ, ಮಗ್ಗದಲ್ಲಿ: ಪದೇ ಪದೇ ಕೇಳುವ ಪ್ರಶ್ನೆಗಳು

ವಿಜಯಪುರ, ಬಾಗಲಕೋಟೆ ಮತ್ತು ಬೆಳಗಾವಿ ಜಿಲ್ಲೆಗಳಲ್ಲಿ ಪ್ರೋಟೀನಿನ ಮಾತು ಬಂದರೆ ಅದು ಬಹುತೇಕ ಊಟದ ಮಾತೇ ಆಗಿರುತ್ತದೆ. ಯಾವ ಕಾಳಿನಲ್ಲಿ ಎಷ್ಟಿದೆ, ಮಕ್ಕಳಿಗೆ ಸಾಲುತ್ತದೆಯೇ, ಡಬ್ಬಿಯ ಪುಡಿ ಕೊಳ್ಳಬೇಕೇ ಎಂಬಲ್ಲಿಗೆ ಚರ್ಚೆ ಮುಗಿಯುತ್ತದೆ. ಆದರೆ ಕಡಿದ ಕಬ್ಬಿನಲ್ಲಿ ಸಕ್ಕರೆ ಇಳಿಯುವುದೂ ಹಾವಿನ ವಿಷ ಏರುವುದೂ ಇಳಕಲ್ ಸೀರೆಯ ಸೆರಗು ಹೊಳೆಯುವುದೂ ಪ್ರೋಟೀನಿನ ಕೆಲಸವೇ. ಆದ್ದರಿಂದ ಅಡುಗೆಮನೆಯ ಪ್ರಶ್ನೆಗಳ ಜೊತೆಗೆ ಹೊಲ, ಕೊಟ್ಟಿಗೆ ಮತ್ತು ಮಗ್ಗದ ಪ್ರಶ್ನೆಗಳನ್ನೂ ಇಲ್ಲಿ ಸೇರಿಸಿದ್ದೇವೆ.

ಪ್ರೋಟೀನ್ ಎಂದರೆ ನಿಖರವಾಗಿ ಏನು?

ಅಮೈನೋ ಆಮ್ಲಗಳೆಂಬ ಸಣ್ಣ ಅಣುಗಳು ಒಂದರ ಬೆನ್ನಿಗೆ ಒಂದು ಕೂಡಿಕೊಂಡು ಉಂಟಾಗುವ ಉದ್ದನೆಯ ಸರಪಳಿಯೇ ಪ್ರೋಟೀನ್. ಜೀವಿಗಳು ಈ ಸರಪಳಿಗೆ ಮುಖ್ಯವಾಗಿ 20 ಬಗೆಯ ಅಮೈನೋ ಆಮ್ಲಗಳನ್ನು ಬಳಸುತ್ತವೆ. ಮನುಷ್ಯನಿಗೂ ಎಮ್ಮೆಗೂ ಬಿಳಿಜೋಳದ ದಂಟಿಗೂ ಮೊಸರಿನ ಬ್ಯಾಕ್ಟೀರಿಯಾಕ್ಕೂ ಇವೇ 20. ಸಕ್ಕರೆಯಲ್ಲಾಗಲಿ ಎಣ್ಣೆಯಲ್ಲಾಗಲಿ ಇಲ್ಲದ ಸಾರಜನಕ ಪ್ರತಿಯೊಂದು ಅಮೈನೋ ಆಮ್ಲದಲ್ಲಿಯೂ ಇರುತ್ತದೆ. ಎಷ್ಟೇ ಸಕ್ಕರೆ, ಎಣ್ಣೆ ಸೇವಿಸಿದರೂ ಅವು ಪ್ರೋಟೀನಿನ ಜಾಗ ತುಂಬಲಾರದಿರುವುದಕ್ಕೆ ಇದೇ ಕಾರಣ.

ಸರಪಳಿಯ ಉದ್ದ ಪ್ರೋಟೀನಿನಿಂದ ಪ್ರೋಟೀನಿಗೆ ಬಹಳ ಬದಲಾಗುತ್ತದೆ. ಇನ್ಸುಲಿನ್‌ನಲ್ಲಿ 51 ಅಮೈನೋ ಆಮ್ಲಗಳಿದ್ದರೆ ರಕ್ತದ ಹಿಮೋಗ್ಲೋಬಿನ್‌ನಲ್ಲಿ ನಾಲ್ಕು ಸರಪಳಿಗಳು ಸೇರಿ 574 ಇವೆ. ಸ್ನಾಯುವಿನಲ್ಲಿರುವ ಟೈಟಿನ್ ಎಂಬ ದೈತ್ಯ ಪ್ರೋಟೀನಿನಲ್ಲಿ ಸುಮಾರು 34,000 ಇವೆ. ಮನುಷ್ಯನ ಡಿಎನ್‌ಎಯಲ್ಲಿ ಪ್ರೋಟೀನುಗಳಿಗೆ ಸೂಚನೆ ಕೊಡುವ ಜೀನುಗಳು ಸುಮಾರು 20,000.

ಒಂದೇ 20 ಅಮೈನೋ ಆಮ್ಲಗಳಿಂದ ಇಷ್ಟು ಬೇರೆ ಬೇರೆ ಕೆಲಸಗಳು ಹೇಗೆ ನಡೆಯುತ್ತವೆ?

ಆಕಾರದಿಂದ. ಈ ಪುಟದ ಉಳಿದೆಲ್ಲ ಉತ್ತರಗಳು ನಿಂತಿರುವುದು ಇದೊಂದೇ ಸಂಗತಿಯ ಮೇಲೆ, ಹಾಗಾಗಿ ಇದನ್ನು ಸ್ವಲ್ಪ ವಿವರವಾಗಿಯೇ ನೋಡಬೇಕು.

ಸರಪಳಿ ತಯಾರಾಗುತ್ತಿದ್ದಂತೆಯೇ ಅದು ತನ್ನಷ್ಟಕ್ಕೆ ಮಡಚಿಕೊಳ್ಳತೊಡಗುತ್ತದೆ. ಅಮೈನೋ ಆಮ್ಲಗಳಲ್ಲಿ ಕೆಲವು ನೀರನ್ನು ಬಯಸುತ್ತವೆ, ಕೆಲವು ನೀರಿನಿಂದ ದೂರ ಸರಿಯುತ್ತವೆ. ಕೆಲವಕ್ಕೆ ಧನ ವಿದ್ಯುದಂಶ, ಕೆಲವಕ್ಕೆ ಋಣ. ನೀರನ್ನು ಒಲ್ಲದವು ಒಳಗೆ ಸೇರಿ, ನೀರನ್ನು ಬಯಸುವವು ಹೊರಗುಳಿದು, ವಿರುದ್ಧ ವಿದ್ಯುದಂಶಗಳು ಒಂದನ್ನೊಂದು ಸೆಳೆದು, ಕೊನೆಗೆ ಆ ಪ್ರೋಟೀನಿಗೇ ವಿಶಿಷ್ಟವಾದ ಒಂದು ಗಟ್ಟಿಯಾದ ಆಕಾರ ಬರುತ್ತದೆ. ಆ ಆಕಾರದಲ್ಲಿ ಏಳುವ ಸಂದು, ಕುಳಿ, ಚಾಚುಗಳೇ ಅದು ಯಾವ ಅಣುವನ್ನು ಹಿಡಿಯಬಲ್ಲದು, ಏನು ಮಾಡಬಲ್ಲದು ಎಂಬುದನ್ನು ನಿರ್ಧರಿಸುತ್ತವೆ. ಅಮೆರಿಕದ ಕ್ರಿಶ್ಚಿಯನ್ ಆನ್‌ಫಿನ್ಸನ್ ಅವರು 124 ಅಮೈನೋ ಆಮ್ಲಗಳ ರೈಬೋನ್ಯೂಕ್ಲಿಯೇಸ್ ಎಂಬ ಪ್ರೋಟೀನನ್ನು ಯೂರಿಯಾ ಮುಂತಾದ ರಾಸಾಯನಿಕಗಳಲ್ಲಿ ಪೂರ್ತಿ ಬಿಚ್ಚಿ, ಆ ರಾಸಾಯನಿಕಗಳನ್ನು ತೆಗೆದಾಗ ಅದು ಮತ್ತೆ ಮೊದಲಿನ ಆಕಾರಕ್ಕೆ ಮರಳಿ ಕೆಲಸವನ್ನೂ ಮಾಡಿತೆಂದು ತೋರಿಸಿದರು. ಆಕಾರಕ್ಕೆ ಬೇಕಾದ ಮಾಹಿತಿಯೆಲ್ಲ ಅಮೈನೋ ಆಮ್ಲಗಳ ಅನುಕ್ರಮದಲ್ಲಿಯೇ ಇದೆ ಎಂಬುದು ಇದರಿಂದ ಸ್ಪಷ್ಟವಾಯಿತು. 1972ರ ನೊಬೆಲ್ ಪುರಸ್ಕಾರದಲ್ಲಿ ಅವರಿಗೆ ಪಾಲು ದೊರೆಯಿತು.

ಅನುಕ್ರಮದಲ್ಲಿ ಒಂದೇ ಒಂದು ಅಮೈನೋ ಆಮ್ಲ ಬದಲಾದರೆ ಏನಾದೀತು ಎಂಬುದಕ್ಕೆ ಕುಡಗೋಲು ಕಣ ರೋಗ ಉದಾಹರಣೆ. ಹಿಮೋಗ್ಲೋಬಿನ್‌ನ ಬೀಟಾ ಸರಪಳಿಯ 146 ಅಮೈನೋ ಆಮ್ಲಗಳಲ್ಲಿ ಆರನೆಯದು ಗ್ಲುಟಾಮಿಕ್ ಆಮ್ಲದ ಬದಲು ವ್ಯಾಲೀನ್ ಆಗಿರುತ್ತದೆ. ಅಷ್ಟಕ್ಕೇ, ಆಮ್ಲಜನಕ ಕಡಿಮೆಯಾದಾಗ ಹಿಮೋಗ್ಲೋಬಿನ್ ಅಣುಗಳು ಒಂದಕ್ಕೊಂದು ಅಂಟಿ ಉದ್ದನೆಯ ಎಳೆಗಳಾಗಿ ಕೆಂಪು ರಕ್ತಕಣವನ್ನು ಬಾಗಿಸಿಬಿಡುತ್ತವೆ. ಇದು ಅಸಹಜ ಹಿಮೋಗ್ಲೋಬಿನ್‌ನಿಂದ ಬರುವ ರೋಗವೆಂದು ಲೈನಸ್ ಪಾಲಿಂಗ್ ತಂಡ 1949ರಲ್ಲಿ ತೋರಿಸಿತು. ದೋಷ ಯಾವ ಅಮೈನೋ ಆಮ್ಲದಲ್ಲಿದೆ ಎಂಬುದನ್ನು ಕೆಲವೇ ವರ್ಷಗಳ ನಂತರ ವರ್ನನ್ ಇಂಗ್ರಾಮ್ ಪತ್ತೆಹಚ್ಚಿದರು.

ಈ ಕ್ಷೇತ್ರದಲ್ಲಿ ಭಾರತೀಯರ ಹೆಸರೊಂದನ್ನು ಹೇಳದೆ ಮುಂದುವರಿಯಲಾಗದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿದ ಜಿ.ಎನ್. ರಾಮಚಂದ್ರನ್ ಅವರು ಮದರಾಸಿನಲ್ಲಿದ್ದಾಗ, ಚರ್ಮ ಮತ್ತು ಮೂಳೆಯ ಕೊಲಾಜೆನ್ ಮೂರು ಸರಪಳಿಗಳು ಹೆಣೆದುಕೊಂಡ ರಚನೆ ಎಂದು 1950ರ ದಶಕದಲ್ಲಿ ಗೋಪಿನಾಥ ಕರ್ತಾ ಅವರೊಂದಿಗೆ ತೋರಿಸಿದರು. 1963ರಲ್ಲಿ ತಮ್ಮ ಸಹೋದ್ಯೋಗಿಗಳೊಂದಿಗೆ, ಪ್ರೋಟೀನ್ ಸರಪಳಿ ಯಾವ ಯಾವ ಕೋನಗಳಲ್ಲಿ ತಿರುಗಬಹುದು, ಯಾವುದರಲ್ಲಿ ತಿರುಗಲಾರದು ಎಂಬುದನ್ನು ತೋರಿಸುವ ನಕ್ಷೆಯನ್ನು ಪ್ರಕಟಿಸಿದರು. ಇಂದಿಗೂ ಜಗತ್ತಿನಲ್ಲಿ ಯಾರೇ ಹೊಸ ಪ್ರೋಟೀನಿನ ರಚನೆಯನ್ನು ಬಿಡಿಸಿದರೂ ಅದು ಸರಿಯಾಗಿದೆಯೇ ಎಂದು ಪರಿಶೀಲಿಸುವುದು ಈ ರಾಮಚಂದ್ರನ್ ನಕ್ಷೆಯ ಮೇಲೆಯೇ.

ದೇಹದಲ್ಲಿ ಪ್ರೋಟೀನ್ ತಯಾರಾಗುವುದು ಎಲ್ಲಿ?

ಪ್ರತಿ ಜೀವಕೋಶದಲ್ಲಿರುವ ರೈಬೋಸೋಮ್‌ಗಳಲ್ಲಿ. ಡಿಎನ್‌ಎಯಲ್ಲಿರುವ ಸೂಚನೆ ಆರ್‌ಎನ್‌ಎಯಾಗಿ ನಕಲಾಗಿ ರೈಬೋಸೋಮ್ ತಲುಪುತ್ತದೆ. ಅಲ್ಲಿ ಮೂರು ಮೂರು ಅಕ್ಷರಗಳ ಪ್ರತಿ ಗುಂಪಿಗೆ ಒಂದೊಂದು ಅಮೈನೋ ಆಮ್ಲ ಜೋಡಣೆಯಾಗುತ್ತದೆ. ಈ ಸಂಕೇತವನ್ನು ಬಿಡಿಸಿದ್ದಕ್ಕಾಗಿ 1968ರಲ್ಲಿ ಹರಗೋವಿಂದ ಖುರಾನಾ, ನಿರೆನ್‌ಬರ್ಗ್ ಮತ್ತು ಹಾಲಿ ಅವರಿಗೂ, ರೈಬೋಸೋಮ್‌ನ ರಚನೆಯನ್ನು ಬಿಡಿಸಿದ್ದಕ್ಕಾಗಿ 2009ರಲ್ಲಿ ವೆಂಕಟರಾಮನ್ ರಾಮಕೃಷ್ಣನ್, ಥಾಮಸ್ ಸ್ಟೈಟ್ಸ್ ಮತ್ತು ಅದಾ ಯೋನಾಥ್ ಅವರಿಗೂ ನೊಬೆಲ್ ದೊರೆಯಿತು.

ತಿಂದ ಪ್ರೋಟೀನ್ ನೇರವಾಗಿ ಸ್ನಾಯುವಾಗುತ್ತದೆಯೇ?

ಆಗುವುದಿಲ್ಲ. ಜಠರದ ಆಮ್ಲ ಮೊದಲು ಪ್ರೋಟೀನಿನ ಆಕಾರವನ್ನು ಬಿಚ್ಚುತ್ತದೆ. ಪೆಪ್ಸಿನ್ ಮತ್ತು ಮುಂದೆ ಸಣ್ಣ ಕರುಳಿನಲ್ಲಿ ಟ್ರಿಪ್ಸಿನ್ ಮೊದಲಾದ ಕಿಣ್ವಗಳು ಸರಪಳಿಯನ್ನು ತುಂಡರಿಸುತ್ತವೆ. ರಕ್ತಕ್ಕೆ ಸೇರುವುದು ಬಹುಮಟ್ಟಿಗೆ ಬಿಡಿ ಅಮೈನೋ ಆಮ್ಲಗಳು ಮಾತ್ರ. ತೊಗರಿಬೇಳೆಯ ಪ್ರೋಟೀನ್ ತೊಗರಿಗಿಡದ ಬೀಜಕ್ಕೆಂದು ಮಡಚಿಕೊಂಡ ಆಕಾರವನ್ನು ನಮ್ಮ ಹೊಟ್ಟೆಯಲ್ಲಿ ಕಳೆದುಕೊಂಡು, ಅದರ ಬಿಡಿಭಾಗಗಳಿಂದ ನಮ್ಮ ಜೀವಕೋಶಗಳು ನಮ್ಮ ಪ್ರೋಟೀನನ್ನು ಹೊಸದಾಗಿ ಕಟ್ಟುತ್ತವೆ.

ಇದು ಗೊತ್ತಾದರೆ ಇನ್ನೆರಡು ಪ್ರಶ್ನೆಗಳಿಗೆ ಉತ್ತರ ತಾನಾಗಿಯೇ ಸಿಗುತ್ತದೆ. ಇನ್ಸುಲಿನ್ನನ್ನು ಗುಳಿಗೆಯಾಗಿ ನುಂಗದೆ ಚುಚ್ಚಿಕೊಳ್ಳುವುದೇಕೆಂದರೆ, ಹೊಟ್ಟೆಗೆ ಹೋದ ಇನ್ಸುಲಿನ್ ಬೇಳೆಯ ಪ್ರೋಟೀನಿನಂತೆಯೇ ಜೀರ್ಣವಾಗಿಬಿಡುತ್ತದೆ. ಹಾಗೆಯೇ, ಕೊಲಾಜೆನ್ ಪುಡಿ ಕುಡಿದರೆ ಅದು ಕೊಲಾಜೆನ್ ಆಗಿಯೇ ಮುಖದ ಚರ್ಮಕ್ಕೆ ಹೋಗಿ ಕೂರುತ್ತದೆಂಬ ಜಾಹೀರಾತಿನ ಚಿತ್ರವನ್ನು ನಂಬಬೇಕಿಲ್ಲ. ಅದೂ ಅಮೈನೋ ಆಮ್ಲಗಳಾಗಿ ಮತ್ತು ಕೆಲವು ಚಿಕ್ಕ ತುಣುಕುಗಳಾಗಿ ಒಡೆದೇ ರಕ್ತ ಸೇರುತ್ತದೆ. ದೇಹ ತನ್ನ ಕೊಲಾಜೆನ್ನನ್ನು ಗಟ್ಟಿಗೊಳಿಸಲು ಸಿ ಜೀವಸತ್ವ ಬೇಕು, ಅದಕ್ಕೆ ಪೇರಲಹಣ್ಣು ಅಥವಾ ನೆಲ್ಲಿಕಾಯಿ ಸಾಕು.

ವಯಸ್ಕರ ದೇಹದಲ್ಲಿ ದಿನವೂ ಸುಮಾರು 250ರಿಂದ 300 ಗ್ರಾಂ ಪ್ರೋಟೀನ್ ಒಡೆದು ಮತ್ತೆ ಕಟ್ಟಲ್ಪಡುತ್ತದೆ. ನಾವು ಉಣ್ಣುವುದು ಅದರ ಒಂದು ಪಾಲು ಮಾತ್ರ. ಉಳಿದದ್ದು ಹಳೆಯ ಪ್ರೋಟೀನುಗಳಿಂದ ಬಿಡುಗಡೆಯಾದ ಅಮೈನೋ ಆಮ್ಲಗಳ ಮರುಬಳಕೆ.

ಜೋಳದ ರೊಟ್ಟಿಯಲ್ಲಿ ಪ್ರೋಟೀನ್ ಇದೆಯೇ? ಅದೊಂದೇ ಸಾಲುತ್ತದೆಯೇ?

ಇದೆ. 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ಪ್ರೋಟೀನ್ ಇರುತ್ತದೆ. ಕಷ್ಟವಿರುವುದು ಪ್ರಮಾಣಕ್ಕಿಂತ ಹೆಚ್ಚಾಗಿ ಗುಣದಲ್ಲಿ.

20 ಅಮೈನೋ ಆಮ್ಲಗಳಲ್ಲಿ ಒಂಬತ್ತನ್ನು ನಮ್ಮ ದೇಹ ತಯಾರಿಸಿಕೊಳ್ಳಲಾರದು. ಅವು ಆಹಾರದಿಂದಲೇ ಬರಬೇಕು. ಅವುಗಳಲ್ಲಿ ಒಂದಾದ ಲೈಸೀನ್ ಜೋಳದ ಪ್ರೋಟೀನಿನಲ್ಲಿ ಇರಬೇಕಾದುದರ ಸುಮಾರು ಅರ್ಧದಷ್ಟು ಮಾತ್ರ ಇದೆ. ಇಳಕಲ್ ಸೀರೆಯ ದಡಿ ನೇಯುವಾಗ ಒಂದು ಬಣ್ಣದ ನೂಲು ತೀರಿತೆಂದರೆ ಉಳಿದ ಬಣ್ಣಗಳು ಎಷ್ಟಿದ್ದರೂ ನೇಯ್ಗೆ ನಿಲ್ಲುವಂತೆ, ಲೈಸೀನ್ ಮುಗಿದಲ್ಲಿಗೆ ಪ್ರೋಟೀನಿನ ಕಟ್ಟುವಿಕೆಯೂ ನಿಲ್ಲುತ್ತದೆ. ಮಿಕ್ಕ ಅಮೈನೋ ಆಮ್ಲಗಳನ್ನು ದೇಹ ಇಂಧನವಾಗಿ ಉರಿಸಿಬಿಡುತ್ತದೆ. ತೊಗರಿ, ಕಡಲೆ, ಹೆಸರು, ಮಡಕಿ, ಹುರುಳಿಗಳಲ್ಲಿ ಲೈಸೀನ್ ಧಾರಾಳವಾಗಿದೆ, ಆದರೆ ಮೆಥಿಯೋನಿನ್ ಕಡಿಮೆ; ಜೋಳದಲ್ಲಿ ಮೆಥಿಯೋನಿನ್ ಅವುಗಳಿಗಿಂತ ವಾಸಿ. ರೊಟ್ಟಿಯ ಜೊತೆಗೆ ಝುಣಕ ಅಥವಾ ಮಡಕಿಕಾಳಿನ ಪಲ್ಯ ಉಂಡಾಗ ಒಂದರ ಕೊರತೆಯನ್ನು ಮತ್ತೊಂದು ತುಂಬುತ್ತದೆ. ಎರಡನ್ನೂ ಒಂದೇ ತುತ್ತಿನಲ್ಲಿ ತಿನ್ನಬೇಕೆಂದೇನೂ ಇಲ್ಲ, ದಿನದ ಊಟದಲ್ಲಿ ಎರಡೂ ಇದ್ದರೆ ಸಾಕು. ರೊಟ್ಟಿಗೆ ಬರೀ ಕೆಂಪುಖಾರ ಮತ್ತು ಎಣ್ಣೆ ಹಚ್ಚಿಕೊಂಡು ಉಣ್ಣುವ ಊಟದಲ್ಲಿ ಈ ಹೊಂದಾಣಿಕೆ ಇರುವುದಿಲ್ಲ. ಶೇಂಗಾ ಚಟ್ನಿ ಪ್ರೋಟೀನಿನ ಪ್ರಮಾಣವನ್ನು ಚೆನ್ನಾಗಿಯೇ ಹೆಚ್ಚಿಸುತ್ತದೆ, ಆದರೆ ಲೈಸೀನಿನ ಮಟ್ಟಿಗೆ ಬೇಳೆಕಾಳುಗಳ ಸಮಕ್ಕೆ ಬಾರದು.

ಜೋಳಕ್ಕೆ ಇನ್ನೊಂದು ತೊಡಕಿದೆ. ಅದರ ಪ್ರೋಟೀನಿನ ದೊಡ್ಡ ಪಾಲು ಕಾಫಿರಿನ್ ಎಂಬುದು. ನೀರಿನೊಡನೆ ಬೇಯಿಸಿದಾಗ ಕಾಫಿರಿನ್ ಸರಪಳಿಗಳ ನಡುವೆ ಗಂಧಕದ ಬಂಧಗಳು ಹೆಚ್ಚಿ, ಜೀರ್ಣಕಿಣ್ವಗಳಿಗೆ ಅವುಗಳನ್ನು ತುಂಡರಿಸುವುದು ಕಷ್ಟವಾಗುತ್ತದೆ. ಬೇಯಿಸಿದರೆ ಬಹುತೇಕ ಧಾನ್ಯಗಳ ಪ್ರೋಟೀನ್ ಹೆಚ್ಚು ಜೀರ್ಣವಾಗುತ್ತದೆಂಬ ಸಾಮಾನ್ಯ ನಿರೀಕ್ಷೆಗೆ ಜೋಳ ಹೀಗೆ ಅಪವಾದ. ಹಿಟ್ಟನ್ನು ಹುಳಿಬರಿಸಿ ಅಂಬಲಿ ಮಾಡಿದಾಗ ಜೀರ್ಣಶಕ್ತಿ ಸುಧಾರಿಸುತ್ತದೆ.

ಒಂದು ಹಳೆಯ ಸಂಗತಿಯನ್ನೂ ಇಲ್ಲಿ ಸೇರಿಸಬಹುದು. ಜೋಳವನ್ನೇ ನೆಚ್ಚಿಕೊಂಡ ದಖ್ಖನ್ ಪ್ರಸ್ಥಭೂಮಿಯ ಬಡವರಲ್ಲಿ ಪೆಲಾಗ್ರ ಎಂಬ ಚರ್ಮ ಸುಲಿಯುವ ರೋಗ ಕಾಣುತ್ತಿತ್ತು. ಜೋಳದಲ್ಲಿ ಲ್ಯೂಸೀನ್ ಎಂಬ ಅಮೈನೋ ಆಮ್ಲ ಅತಿಯಾಗಿರುವುದು ಇದಕ್ಕೆ ಕಾರಣವಿರಬಹುದೆಂದು ಹೈದರಾಬಾದಿನ ಸಿ. ಗೋಪಾಲನ್ ಮತ್ತು ಎಸ್.ಜಿ. ಶ್ರೀಕಂಟಯ್ಯ 1960ರಲ್ಲಿ ಸೂಚಿಸಿದರು. ಆ ವಿವರಣೆಯ ಬಗ್ಗೆ ಮುಂದೆ ವಾದವಿವಾದ ನಡೆದಿದೆ. ಪೆಲಾಗ್ರ ನಯಾಸಿನ್ ಎಂಬ ಬಿ ಜೀವಸತ್ವದ ಕೊರತೆಯ ರೋಗವೆಂಬುದರಲ್ಲಿ ಮತ್ತು ಕಾಳು, ಹಾಲು ಸೇರಿದ ಮಿಶ್ರ ಊಟದಲ್ಲಿ ಅದು ಬಾರದೆಂಬುದರಲ್ಲಿ ಮಾತ್ರ ವಿವಾದವಿಲ್ಲ.

ಗೋಧಿಹಿಟ್ಟು ತಣ್ಣೀರಿನಲ್ಲಿ ನಾದಿದರೂ ಹಿಗ್ಗುತ್ತದೆ, ಜೋಳದ ಹಿಟ್ಟಿಗೆ ಎಸರು ಏಕೆ ಬೇಕು?

ಗೋಧಿಯ ಗ್ಲುಟೆನಿನ್ ಮತ್ತು ಗ್ಲಿಯಾಡಿನ್ ಎಂಬ ಪ್ರೋಟೀನುಗಳು ನೀರು ಸೋಕಿ ನಾದಿದಾಗ ಒಂದಕ್ಕೊಂದು ಹೆಣೆದು ಗ್ಲೂಟೆನ್ ಎಂಬ ಹಿಗ್ಗುವ ಜಾಲವಾಗುತ್ತವೆ. ಜೋಳದ ಕಾಫಿರಿನ್ ಸಣ್ಣ ಸಣ್ಣ ಕಣಗಳಲ್ಲಿ ಅಡಗಿರುವುದರಿಂದ ಅಂತಹ ಜಾಲ ಉಂಟಾಗುವುದಿಲ್ಲ. ಆದ್ದರಿಂದ ಹಿಟ್ಟನ್ನು ಹಿಡಿದಿಡುವ ಕೆಲಸವನ್ನು ಪಿಷ್ಟವೇ ಮಾಡಬೇಕು. ಕುದಿಯುವ ಎಸರು ಬಿದ್ದಾಗ ಪಿಷ್ಟದ ಒಂದು ಪಾಲು ನೀರು ಹೀರಿ ಉಬ್ಬಿ ಅಂಟಾಗುತ್ತದೆ, ರೊಟ್ಟಿ ಬಡಿಯಲು ಬೇಕಾದ ಜಿಗುಟು ಬರುವುದು ಅದರಿಂದ. ಹಿಟ್ಟು ಹಳತಾದಷ್ಟೂ ರೊಟ್ಟಿ ಬಿರಿಯುವುದನ್ನು ಬಡಿಯುವವರೆಲ್ಲ ಬಲ್ಲರು.

ಗ್ಲೂಟೆನ್ ಇಲ್ಲದಿರುವುದರಿಂದಲೇ, ಗ್ಲೂಟೆನ್ ತಿಂದರೆ ಕರುಳು ಕೆಡುವ ಸೀಲಿಯಾಕ್ ರೋಗವಿರುವವರಿಗೆ ಜೋಳ ಹೊಂದುತ್ತದೆ. ಆದರೆ ಹಿಟ್ಟನ್ನು ಗೋಧಿ ಬೀಸುವ ಗಿರಣಿಯಲ್ಲಿಯೇ ಬೀಸಿಸಿದರೆ ಗೋಧಿಯ ಹಿಟ್ಟು ಬೆರೆಯುತ್ತದೆ, ಇಂಥವರು ಅದನ್ನು ತಪ್ಪಿಸಬೇಕು.

ದಿನಕ್ಕೆ ಎಷ್ಟು ಪ್ರೋಟೀನ್ ಬೇಕು?

ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು 2020ರಲ್ಲಿ ನೀಡಿದ ಶಿಫಾರಸಿನಂತೆ ಆರೋಗ್ಯವಂತ ವಯಸ್ಕರಿಗೆ ಪ್ರತಿ ಕಿಲೋ ದೇಹತೂಕಕ್ಕೆ 0.83 ಗ್ರಾಂ. 65 ಕಿಲೋ ತೂಕದ ಪುರುಷನಿಗೆ ಇದು ಸುಮಾರು 54 ಗ್ರಾಂ, 55 ಕಿಲೋ ತೂಕದ ಮಹಿಳೆಗೆ ಸುಮಾರು 46 ಗ್ರಾಂ. ಗರ್ಭಿಣಿಯರಿಗೆ ಕೊನೆಯ ಮೂರು ತಿಂಗಳಲ್ಲಿ ದಿನಕ್ಕೆ ಇನ್ನೂ 22 ಗ್ರಾಂ ಹೆಚ್ಚು ಬೇಕು. ಬೆಳೆಯುವ ಮಕ್ಕಳಿಗೆ ತೂಕದ ಲೆಕ್ಕದಲ್ಲಿ ವಯಸ್ಕರಿಗಿಂತ ಹೆಚ್ಚು ಅಗತ್ಯ. 100 ಗ್ರಾಂ ಹಸಿ ತೊಗರಿಬೇಳೆಯಲ್ಲಿ ಸುಮಾರು 22 ಗ್ರಾಂ, ಒಂದು ಕೋಳಿಮೊಟ್ಟೆಯಲ್ಲಿ ಸುಮಾರು 6 ಗ್ರಾಂ, 100 ಮಿಲಿ ಆಕಳ ಹಾಲಿನಲ್ಲಿ ಸುಮಾರು 3 ಗ್ರಾಂ ಪ್ರೋಟೀನ್ ಇದೆ. ಬೇಳೆಯ ಲೆಕ್ಕ ಹಾಕುವಾಗ ಅದು ಹಸಿ ಬೇಳೆಯ ತೂಕವೆಂಬುದನ್ನು ಮರೆಯಬಾರದು: ತೆಳ್ಳನೆಯ ಸಾರಿನ ಒಂದು ಬಟ್ಟಲಿನಲ್ಲಿ ಬೇಳೆಗಿಂತ ನೀರೇ ಹೆಚ್ಚು.

ಡಬ್ಬಿಯ ಪ್ರೋಟೀನ್ ಪುಡಿ ಬೇಕೇ?

ಬಹುತೇಕರಿಗೆ ಬೇಡ. ದೇಹ ಬೆಳೆಸಲೆಂದು ಇಂಥ ಪುಡಿಗಳನ್ನು ಬಳಸಬೇಡಿರೆಂದು ಪರಿಷತ್ತಿನ 2024ರ ಆಹಾರ ಮಾರ್ಗಸೂಚಿಯೇ ಹೇಳಿದೆ. ಪುಟಾಣಿ, ಶೇಂಗಾ, ಮೊಸರು, ಮೊಟ್ಟೆಗಳು ಸಿಗುವ ಊರಿನಲ್ಲಿ ಗರಡಿಯ ಹುಡುಗರು ದುಬಾರಿ ಡಬ್ಬಿಯ ಬೆನ್ನುಹತ್ತುವುದು ನಮಗಂತೂ ಅರ್ಥವಾಗದ ಸಂಗತಿ. ಮೂತ್ರಪಿಂಡದ ಕಾಯಿಲೆ ಇರುವವರು ಪುಡಿಯಿರಲಿ, ಬೇಳೆಯ ಪ್ರಮಾಣವನ್ನೂ ವೈದ್ಯರನ್ನು ಕೇಳಿಯೇ ನಿರ್ಧರಿಸಬೇಕು.

ಕಿಣ್ವ ಎಂದರೇನು? ಕಡಿದ ಕಬ್ಬನ್ನು ಬೇಗ ನುರಿಸಬೇಕೆನ್ನುವುದಕ್ಕೂ ಅದಕ್ಕೂ ಏನು ಸಂಬಂಧ?

ರಾಸಾಯನಿಕ ಕ್ರಿಯೆಯನ್ನು ತಾನು ವ್ಯಯವಾಗದೆ ಚುರುಕುಗೊಳಿಸುವ ಪ್ರೋಟೀನೇ ಕಿಣ್ವ. ಅದರ ಮಡಿಕೆಗಳ ನಡುವೆ ಒಂದು ಕುಳಿಯಿರುತ್ತದೆ. ಅಲ್ಲಿ ಸರಿಯಾದ ಅಣು ಬಂದು ಕುಳಿತಾಗ ಅದರ ಬಂಧಗಳು ಸುಲಭವಾಗಿ ಒಡೆಯುತ್ತವೆ ಅಥವಾ ಕೂಡುತ್ತವೆ, ಬಳಿಕ ಕುಳಿ ಖಾಲಿಯಾಗಿ ಮುಂದಿನ ಅಣುವಿಗೆ ತೆರೆದುಕೊಳ್ಳುತ್ತದೆ. ನಮ್ಮ ಕೆಂಪು ರಕ್ತಕಣದಲ್ಲಿರುವ ಕಾರ್ಬಾನಿಕ್ ಅನ್‌ಹೈಡ್ರೇಸ್‌ನ ಒಂದೇ ಅಣು ಸೆಕೆಂಡಿಗೆ ಹತ್ತು ಲಕ್ಷದಷ್ಟು ಇಂಗಾಲದ ಡೈಆಕ್ಸೈಡ್ ಅಣುಗಳನ್ನು ನೀರಿನೊಡನೆ ಕೂಡಿಸಬಲ್ಲದು.

ಕಬ್ಬಿನೊಳಗೆ ಇನ್ವರ್ಟೇಸ್ ಎಂಬ ಕಿಣ್ವವಿದೆ. ಅದು ಸುಕ್ರೋಸನ್ನು, ಅಂದರೆ ನಾವು ಬಳಸುವ ಸಕ್ಕರೆಯನ್ನು, ಗ್ಲುಕೋಸ್ ಮತ್ತು ಫ್ರಕ್ಟೋಸ್ ಆಗಿ ಒಡೆಯುತ್ತದೆ. ಕಬ್ಬು ಕಡಿದು ಬೇರಿನಿಂದ ಬೇರ್ಪಟ್ಟ ಮೇಲೆ ಹೊಸ ಸುಕ್ರೋಸ್ ಬರುವುದು ನಿಂತುಹೋಗುತ್ತದೆ, ಒಡೆಯುವ ಕಿಣ್ವ ಮಾತ್ರ ಕೆಲಸ ಮುಂದುವರಿಸುತ್ತದೆ. ಬಿಸಿಲು ಹೆಚ್ಚಾದಷ್ಟೂ ಅದರ ವೇಗ ಹೆಚ್ಚು. ಜೊತೆಗೆ ಕಡಿದ ತುದಿಗಳಲ್ಲಿ ಲ್ಯೂಕೊನೋಸ್ಟಾಕ್ ಬ್ಯಾಕ್ಟೀರಿಯಾ ಸೇರಿಕೊಂಡು, ತಮ್ಮದೇ ಕಿಣ್ವದಿಂದ ಸುಕ್ರೋಸನ್ನು ಡೆಕ್ಸ್‌ಟ್ರಾನ್ ಎಂಬ ಲೋಳೆಯಾಗಿ ಬದಲಿಸುತ್ತವೆ. ಜಮಖಂಡಿ, ಮುಧೋಳ, ಗೋಕಾಕ ಕಡೆಯ ಕಾರ್ಖಾನೆಗಳ ಮುಂದೆ ಟ್ರ್ಯಾಕ್ಟರುಗಳು ಸಾಲುಗಟ್ಟಿ ನಿಂತಿರುವಾಗ ಆ ಹೇರಿನೊಳಗೆ ಈ ಎರಡೂ ಕೆಲಸಗಳು ನಡೆಯುತ್ತಿರುತ್ತವೆ. ತೂಕ ಇಳಿಯುವುದು ನೀರು ಆರುವುದರಿಂದ, ಸಕ್ಕರೆಯ ಇಳುವರಿ ಕುಸಿಯುವುದು ಕಿಣ್ವಗಳಿಂದ. ಒಡೆದ ಸಕ್ಕರೆ ಹರಳುಗಟ್ಟುವುದಿಲ್ಲ, ಹಾಗಾಗಿ ಹಳೆಯ ಕಬ್ಬಿನ ಬೆಲ್ಲವೂ ಮೆತ್ತಗಾಗಿ ಬೇಗ ಬೆವರುತ್ತದೆ.

ಒಣದ್ರಾಕ್ಷಿಗೆ ಗಂಧಕದ ಹೊಗೆ ಕೊಡುವುದೇಕೆ?

ದ್ರಾಕ್ಷಿಯಲ್ಲಿರುವ ಪಾಲಿಫಿನಾಲ್ ಆಕ್ಸಿಡೇಸ್ ಎಂಬ ಕಿಣ್ವ ಗಾಳಿಯ ಆಮ್ಲಜನಕದೊಂದಿಗೆ ಸೇರಿ ಹಣ್ಣನ್ನು ಕಂದಾಗಿಸುತ್ತದೆ. ಗಂಧಕದ ಡೈಆಕ್ಸೈಡ್ ಆ ಕಿಣ್ವವನ್ನು ತಡೆಯುವುದರಿಂದ ಹಸಿರು ಅಥವಾ ಹೊಂಬಣ್ಣ ಉಳಿಯುತ್ತದೆ. ವಿಜಯಪುರದ ಒಣಗಿಸುವ ಶೆಡ್ಡುಗಳಲ್ಲಿ ಮೊದಲು ಪೊಟ್ಯಾಶಿಯಂ ಕಾರ್ಬೋನೇಟ್ ಮತ್ತು ಎಣ್ಣೆಯ ದ್ರಾವಣದಲ್ಲಿ ಅದ್ದುವುದು ಕಿಣ್ವಕ್ಕಾಗಿ ಅಲ್ಲ, ಸಿಪ್ಪೆಯ ಮೇಣವನ್ನು ಸಡಿಲಿಸಿ ಹಣ್ಣು ಬೇಗ ಒಣಗಲೆಂದು. ಗಂಧಕ ಆಗದ ಉಬ್ಬಸದ ರೋಗಿಗಳು ಕಂದುಬಣ್ಣದ, ಗಂಧಕ ಹಾಕದ ಒಣದ್ರಾಕ್ಷಿಯನ್ನೇ ಕೇಳಿ ಕೊಳ್ಳುವುದು ಒಳ್ಳೆಯದು.

ಎಳೆಯ ಜೋಳ ಮೇಯ್ದ ದನ ಏಕೆ ಸಾಯುತ್ತದೆ?

ಇದು ಎರಡು ಪ್ರೋಟೀನುಗಳ ಕಥೆ, ಒಂದು ಬೆಳೆಯದು, ಇನ್ನೊಂದು ದನದ್ದು.

ಎಳೆಯ ಜೋಳದ ಎಲೆಯಲ್ಲಿ ಧುರ್ರಿನ್ ಎಂಬ ವಸ್ತು ಇರುತ್ತದೆ. ಅದನ್ನು ಒಡೆಯುವ ಕಿಣ್ವವೂ ಅದೇ ಎಲೆಯಲ್ಲಿದೆ, ಆದರೆ ಬೇರೆ ಜೀವಕೋಶಗಳಲ್ಲಿ. ಎಲೆ ಇಡಿಯಾಗಿರುವವರೆಗೆ ಎರಡೂ ಸಂಧಿಸುವುದಿಲ್ಲ. ದನ ಅಗಿದಾಗ ಕೋಶಗಳು ಒಡೆದು ಎರಡೂ ಬೆರೆಯುತ್ತವೆ, ಹೈಡ್ರೋಜನ್ ಸಯನೈಡ್ ಹೊರಬರುತ್ತದೆ. ದನದ ಹೊಟ್ಟೆಯ ಸೂಕ್ಷ್ಮಜೀವಿಗಳ ಕಿಣ್ವಗಳೂ ಇದಕ್ಕೆ ಕೈಜೋಡಿಸುತ್ತವೆ. ರಕ್ತ ಸೇರಿದ ಸಯನೈಡ್, ಜೀವಕೋಶಗಳಲ್ಲಿ ಆಮ್ಲಜನಕವನ್ನು ಬಳಸುವ ಸೈಟೋಕ್ರೋಮ್ ಆಕ್ಸಿಡೇಸ್ ಎಂಬ ಪ್ರೋಟೀನಿನ ಕಬ್ಬಿಣಕ್ಕೆ ಅಂಟಿಕೊಂಡು ಅದನ್ನು ನಿಲ್ಲಿಸುತ್ತದೆ. ದನದ ರಕ್ತದಲ್ಲಿ ಆಮ್ಲಜನಕ ತುಂಬಿದ್ದರೂ ಅದನ್ನು ಬಳಸಲಾಗದೆ ಅದು ಉಸಿರುಗಟ್ಟುತ್ತದೆ. ರಕ್ತ ಹೊಳೆಯುವ ಕೆಂಪಾಗಿ ಕಾಣುವುದು ಇದೇ ಕಾರಣಕ್ಕೆ.

ಮೊಳಕೆಯ ಹಂತದಲ್ಲಿ, ಮಳೆ ಕೈಕೊಟ್ಟು ಬಾಡಿದಾಗ ಮತ್ತು ಕೊಯ್ದ ಬಳಿಕ ಚಿಗುರುವ ಕುಳೆಯಲ್ಲಿ ಧುರ್ರಿನ್ ಹೆಚ್ಚಿರುತ್ತದೆ. ಚೆನ್ನಾಗಿ ಬೆಳೆದು ಒಣಗಿದ ಕಣಿಕೆಯಲ್ಲಿ ಅಪಾಯ ಬಹಳ ಕಡಿಮೆ. ಮೇಯ್ದ ದನ ನಡುಗುತ್ತ ಬಾಯಿಂದ ಜೊಲ್ಲು ಸುರಿಸಿ ಏದುಸಿರು ಬಿಟ್ಟರೆ ತಡಮಾಡದೆ ಪಶುವೈದ್ಯರನ್ನು ಕರೆಸಬೇಕು. ಸೋಡಿಯಂ ಥಯೋಸಲ್ಫೇಟ್ ಮೊದಲಾದ ಔಷಧಿಗಳನ್ನು ರಕ್ತನಾಳಕ್ಕೆ ಕೊಟ್ಟು ಉಳಿಸಬಹುದು, ಆದರೆ ಸಿಗುವ ಸಮಯ ನಿಮಿಷಗಳ ಲೆಕ್ಕದ್ದು.

ತೊಗರಿ, ಕಡಲೆಯ ಬೇರಿನ ಗಂಟುಗಳು ರೋಗವೇ?

ಅಲ್ಲ. ಅವುಗಳೊಳಗೆ ರೈಜೋಬಿಯಂ ಬ್ಯಾಕ್ಟೀರಿಯಾ ನೈಟ್ರೋಜಿನೇಸ್ ಎಂಬ ಕಿಣ್ವದಿಂದ ಗಾಳಿಯ ಸಾರಜನಕವನ್ನು ಅಮೋನಿಯವಾಗಿಸುತ್ತವೆ. ಇದೇ ಕೆಲಸಕ್ಕೆ ಗೊಬ್ಬರದ ಕಾರ್ಖಾನೆಯಲ್ಲಿ 400 ಡಿಗ್ರಿಗೂ ಮೀರಿದ ಶಾಖ ಮತ್ತು ಭಾರೀ ಒತ್ತಡ ಬೇಕು. ಗಂಟನ್ನು ಸೀಳಿ ನೋಡಿ: ಒಳಗೆ ನಸುಗೆಂಪಾಗಿದ್ದರೆ ಕೆಲಸ ನಡೆದಿದೆ ಎಂದರ್ಥ. ಆ ಕೆಂಪು ಲೆಗ್‌ಹಿಮೋಗ್ಲೋಬಿನ್‌ನದು, ನಮ್ಮ ರಕ್ತದ ಹಿಮೋಗ್ಲೋಬಿನ್‌ಗೆ ದೂರದ ಬಂಧು. ಆಮ್ಲಜನಕ ಸೋಕಿದರೆ ನೈಟ್ರೋಜಿನೇಸ್ ಹಾಳಾಗುವುದರಿಂದ ಈ ಪ್ರೋಟೀನ್ ಆಮ್ಲಜನಕವನ್ನು ಹಿಡಿದಿಟ್ಟುಕೊಳ್ಳುತ್ತದೆ.

ಇಳಕಲ್ ಸೀರೆಯನ್ನು ಎಲ್ಲ ಬಟ್ಟೆಗಳೊಂದಿಗೆ ವಾಷಿಂಗ್ ಪೌಡರಿನಲ್ಲಿ ಒಗೆಯಬಹುದೇ?

ಸೆರಗು ಅಸಲಿ ರೇಷ್ಮೆಯದಾಗಿದ್ದರೆ ಬೇಡ. ಸಾಂಪ್ರದಾಯಿಕ ಇಳಕಲ್ ಸೀರೆಯ ಒಡಲಿನ ಹತ್ತಿ ಸೆಲ್ಯುಲೋಸ್, ಅಂದರೆ ಸಕ್ಕರೆಯ ಅಣುಗಳಿಂದಾದದ್ದು. ಸೆರಗಿನ ರೇಷ್ಮೆ ಫೈಬ್ರೋಯಿನ್ ಎಂಬ ಪ್ರೋಟೀನ್. ಒಡಲನ್ನೂ ಸೆರಗನ್ನೂ ಕೊಂಡಿ ಹಾಕಿ ಕೂಡಿಸಿದ ಆ ಒಂದು ಗೆರೆಯ ಈಚೆಗೆ ಆಚೆಗೆ ಎರಡು ಬೇರೆಯೇ ರಸಾಯನಶಾಸ್ತ್ರಗಳಿವೆ.

ಫೈಬ್ರೋಯಿನ್‌ನಲ್ಲಿ ಗ್ಲೈಸೀನ್, ಅಲನೀನ್, ಸೆರೀನ್ ಎಂಬ ಮೂರು ಚಿಕ್ಕ ಅಮೈನೋ ಆಮ್ಲಗಳೇ ಮತ್ತೆ ಮತ್ತೆ ಬರುತ್ತವೆ. ಚಿಕ್ಕವಾದ್ದರಿಂದ ಸರಪಳಿಗಳು ಒಂದರ ಮೇಲೊಂದು ಹಾಳೆಗಳಾಗಿ ಒತ್ತೊತ್ತಾಗಿ ಕೂರುತ್ತವೆ. ರೇಷ್ಮೆಯ ಬಲ ಬರುವುದು ಇದರಿಂದ. ಹೊಳಪು ಬರುವುದು ಎಳೆಯ ಮುಕ್ಕೋನದ ಅಡ್ಡಕೊಯ್ತದಿಂದ ಮತ್ತು ಅದರ ಮೇಲಿದ್ದ ಸೆರಿಸಿನ್ ಎಂಬ ಅಂಟನ್ನು ಕುದಿಸಿ ತೆಗೆಯುವುದರಿಂದ. ಈಗಿನ ಹಲವು ವಾಷಿಂಗ್ ಪೌಡರುಗಳಲ್ಲಿ ರಕ್ತ, ಹಾಲು, ಬೇಳೆಯ ಕಲೆ ತೆಗೆಯಲೆಂದು ಪ್ರೋಟೀನ್ ಕತ್ತರಿಸುವ ಕಿಣ್ವ ಸೇರಿಸಿರುತ್ತಾರೆ. ಆ ಕಿಣ್ವಕ್ಕೆ ಬೇಳೆಯ ಕಲೆಗೂ ರೇಷ್ಮೆಯ ಎಳೆಗೂ ವ್ಯತ್ಯಾಸ ತಿಳಿಯದು. ಕುರಿ ಉಣ್ಣೆಯ ಕಂಬಳಿಗೂ ಇದೇ ಮಾತು, ಉಣ್ಣೆಯೂ ಕೆರಾಟಿನ್ ಎಂಬ ಪ್ರೋಟೀನೇ.

ಸೆರಗಿನ ಒಂದು ಎಳೆಯನ್ನು ಉರಿಸಿದರೆ ಸುಟ್ಟ ಕೂದಲಿನ ವಾಸನೆ ಬಂದು ಪುಡಿಯಾಗುವ ಕರಿಬೂದಿ ಉಳಿದರೆ ಅದು ರೇಷ್ಮೆ. ಕಾಗದ ಸುಟ್ಟ ವಾಸನೆ ಬಂದರೆ ಹತ್ತಿ ಅಥವಾ ಮರದ ತಿರುಳಿನಿಂದ ಮಾಡಿದ ಕೃತಕ ರೇಷ್ಮೆ.

ಹಾವಿನ ವಿಷವೂ ಪ್ರೋಟೀನೇ? ಹಾಗಿದ್ದರೆ ಔಷಧ ಹೇಗೆ ಕೆಲಸ ಮಾಡುತ್ತದೆ?

ಬಹುಪಾಲು ಪ್ರೋಟೀನೇ. ನಾಗರಹಾವಿನ ವಿಷದಲ್ಲಿರುವ ಚಿಕ್ಕ ಪ್ರೋಟೀನುಗಳು ನರದಿಂದ ಬರುವ ಸಂದೇಶವನ್ನು ಸ್ನಾಯು ಸ್ವೀಕರಿಸುವ ಜಾಗದಲ್ಲಿ ಅಂಟಿಕೊಳ್ಳುತ್ತವೆ, ಮೊದಲು ರೆಪ್ಪೆ ಜೋತುಬಿದ್ದು ಕೊನೆಗೆ ಉಸಿರಾಟದ ಸ್ನಾಯುಗಳು ನಿಲ್ಲುತ್ತವೆ. ಕೊಳಕುಮಂಡಲದ ವಿಷದಲ್ಲಿರುವ ಕಿಣ್ವಗಳು ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನುಗಳನ್ನು ಒಂದೇ ಸಮನೆ ಕೆರಳಿಸಿ ಮುಗಿಸಿಬಿಡುತ್ತವೆ. ಆಮೇಲೆ ರಕ್ತ ಹೆಪ್ಪುಗಟ್ಟುವುದೇ ಇಲ್ಲ. ಅದಕ್ಕಾಗಿಯೇ ಆಸ್ಪತ್ರೆಯಲ್ಲಿ ಕಡಿತಕ್ಕೊಳಗಾದವರ ರಕ್ತವನ್ನು ಗಾಜಿನ ನಳಿಕೆಯಲ್ಲಿ 20 ನಿಮಿಷ ಅಲುಗಾಡಿಸದೆ ಇಟ್ಟು ನೋಡುತ್ತಾರೆ.

ಔಷಧವೂ ಪ್ರೋಟೀನೇ. ಕುದುರೆಗೆ ಸ್ವಲ್ಪ ಸ್ವಲ್ಪವೇ ವಿಷ ಕೊಟ್ಟಾಗ ಅದರ ರಕ್ತದಲ್ಲಿ, ವಿಷದ ಆಕಾರಕ್ಕೆ ಸರಿಯಾಗಿ ಕೂರುವ ಪ್ರತಿಕಾಯಗಳು ಹುಟ್ಟುತ್ತವೆ. ಅವುಗಳನ್ನು ಶುದ್ಧೀಕರಿಸಿ ಪ್ರತಿವಿಷ ಮಾಡುತ್ತಾರೆ. ಭಾರತದಲ್ಲಿ ಸಿಗುವ ಪ್ರತಿವಿಷ ನಾಗರ, ಕಟ್ಟುಹಾವು, ಕೊಳಕುಮಂಡಲ ಮತ್ತು ಗರಗಸಮಂಡಲ ಎಂಬ ನಾಲ್ಕಕ್ಕೂ ನಾಟುತ್ತದೆ. ಆಕಾರಕ್ಕೆ ಆಕಾರ ಹೊಂದಿದರಷ್ಟೇ ವಿಷ ನಿಷ್ಕ್ರಿಯವಾಗುವುದರಿಂದ, ಬೇರು ಅರೆದು ಕುಡಿಸಿ ಕಾಯುವ ಪ್ರತಿ ಗಂಟೆಯೂ ಜೀವಕ್ಕೆ ಎರವು.

ಬೇಸಿಗೆಯ 42 ಡಿಗ್ರಿ ಬಿಸಿಲಿಗೆ ದೇಹದ ಪ್ರೋಟೀನುಗಳು ಬೆಂದುಹೋಗುವುದಿಲ್ಲವೇ?

ಗಾಳಿಯ ಶಾಖ 42 ಡಿಗ್ರಿ ಇದ್ದರೂ ಬೆವರು ಆರುತ್ತಿರುವವರೆಗೆ ದೇಹದ ಒಳಗಿನ ಶಾಖ 37ರ ಆಸುಪಾಸಿನಲ್ಲಿಯೇ ಇರುತ್ತದೆ. ಒಳಗಿನ ಶಾಖವೇ 40 ದಾಟಿ ಮನಸ್ಸು ಮಂಕಾದರೆ ಅದು ಬಿಸಿಲಾಘಾತ, ಆಗ ಪ್ರೋಟೀನುಗಳ ಮಡಿಕೆಗಳು ಸಡಿಲವಾಗತೊಡಗುತ್ತವೆ. ಅದನ್ನು ತಡೆಯಲು ಜೀವಕೋಶಗಳು ಶಾಖಾಘಾತ ಪ್ರೋಟೀನುಗಳೆಂಬ ಸಹಾಯಕ ಪ್ರೋಟೀನುಗಳನ್ನು ತಯಾರಿಸುತ್ತವೆ. ಬಿಚ್ಚುತ್ತಿರುವ ಸರಪಳಿಗಳನ್ನು ಹಿಡಿದು ಮತ್ತೆ ಮಡಚಲು ನೆರವಾಗುವುದು ಇವುಗಳ ಕೆಲಸ. ಶಾಖಕ್ಕೆ ಜೀವಕೋಶಗಳು ತೋರುವ ಈ ಪ್ರತಿಕ್ರಿಯೆ ಮೊದಲು ಕಂಡದ್ದು 1962ರಲ್ಲಿ, ಹಣ್ಣುನೊಣಗಳಲ್ಲಿ. ಡೋಣಿ ಬಯಲಿನ ಜೋಳದ ಬೆಳೆಯೂ ಇದೇ ಉಪಾಯದಿಂದ ಬಿಸಿಲನ್ನು ತಾಳಿಕೊಳ್ಳುತ್ತದೆ.

ಪ್ರೋಟೀನಿನ ಆಕಾರವನ್ನು ಕಂಪ್ಯೂಟರ್ ಊಹಿಸುತ್ತದೆ ಎನ್ನುತ್ತಾರೆ, ನಿಜವೇ?

ನಿಜ. ಗೂಗಲ್ ಒಡೆತನದ ಡೀಪ್‌ಮೈಂಡ್ ಕಂಪನಿಯ ಆಲ್ಫಾಫೋಲ್ಡ್ ಎಂಬ ವ್ಯವಸ್ಥೆ 2022ರ ಹೊತ್ತಿಗೆ 20 ಕೋಟಿಗೂ ಹೆಚ್ಚು ಪ್ರೋಟೀನುಗಳ ಆಕಾರವನ್ನು ಅನುಕ್ರಮದಿಂದಲೇ ಊಹಿಸಿ ಪ್ರಕಟಿಸಿತು. 2024ರ ರಸಾಯನಶಾಸ್ತ್ರದ ನೊಬೆಲ್ ಆಲ್ಫಾಫೋಲ್ಡ್ ರೂಪಿಸಿದ ಡೆಮಿಸ್ ಹಸಾಬಿಸ್, ಜಾನ್ ಜಂಪರ್ ಮತ್ತು ಹೊಸ ಪ್ರೋಟೀನುಗಳನ್ನು ವಿನ್ಯಾಸಗೊಳಿಸಿದ ಡೇವಿಡ್ ಬೇಕರ್ ಅವರಿಗೆ ಸಂದಿತು. ಊಹೆ ಎಷ್ಟೇ ಚೆನ್ನಾಗಿದ್ದರೂ ಪ್ರಯೋಗದಿಂದ ಪರಿಶೀಲಿಸುವ ಅಗತ್ಯ ತಪ್ಪಿಲ್ಲ.

ಬೆಳಗಾವಿ ಕುಂದಾಕ್ಕೆ ಆ ಕಂದುಬಣ್ಣ ಎಲ್ಲಿಂದ ಬರುತ್ತದೆ?

ಹಾಲನ್ನು ಬಹಳ ಹೊತ್ತು ಕಾಯಿಸಿದಾಗ ಹಾಲಿನ ಸಕ್ಕರೆ, ಹಾಲಿನ ಪ್ರೋಟೀನುಗಳಲ್ಲಿರುವ ಲೈಸೀನಿಗೆ ಅಂಟಿಕೊಳ್ಳುತ್ತದೆ. ಅಲ್ಲಿಂದ ಒಂದರ ಹಿಂದೊಂದು ಕ್ರಿಯೆಗಳು ನಡೆದು ಕಂದುಬಣ್ಣವೂ ಆ ಘಮವೂ ಹುಟ್ಟುತ್ತವೆ. ಫ್ರಾನ್ಸಿನ ಲೂಯಿ ಕಾಮಿಲ್ ಮೈಯಾರ್ 1912ರಲ್ಲಿ ವಿವರಿಸಿದ್ದರಿಂದ ಇದಕ್ಕೆ ಅವರ ಹೆಸರೇ ಇದೆ. ಈ ಕ್ರಿಯೆಯಲ್ಲಿ ಸ್ವಲ್ಪ ಲೈಸೀನ್ ನಷ್ಟವಾಗುತ್ತದೆ. ಕುಂದಾವನ್ನು ಯಾರೂ ಲೈಸೀನಿಗಾಗಿ ತಿನ್ನುವುದಿಲ್ಲವಾದ್ದರಿಂದ ಚಿಂತೆಯಿಲ್ಲ.

ಸಕ್ಕರೆ ಕಾಯಿಲೆಗೆ ಮಾಡುವ ಎಚ್‌ಬಿಎ1ಸಿ ಪರೀಕ್ಷೆ ಮೂರು ತಿಂಗಳ ಹಿಂದಿನದನ್ನು ಹೇಗೆ ತಿಳಿಸುತ್ತದೆ?

ಕುಂದಾದ ಕಡಾಯಿಯಲ್ಲಿ ನಡೆಯುವ ಮೊದಲ ಹಂತವೇ ನಮ್ಮ ರಕ್ತದಲ್ಲಿಯೂ ಬಹಳ ನಿಧಾನವಾಗಿ ನಡೆಯುತ್ತಿರುತ್ತದೆ. ಗ್ಲುಕೋಸ್ ಯಾವ ಕಿಣ್ವದ ಸಹಾಯವೂ ಇಲ್ಲದೆ ಹಿಮೋಗ್ಲೋಬಿನ್‌ನ ಬೀಟಾ ಸರಪಳಿಯ ಮೊದಲ ಅಮೈನೋ ಆಮ್ಲಕ್ಕೆ ಅಂಟಿಕೊಳ್ಳುತ್ತದೆ. ರಕ್ತದಲ್ಲಿ ಸಕ್ಕರೆ ಹೆಚ್ಚಿದ್ದಷ್ಟೂ ಹೀಗೆ ಅಂಟಿಸಿಕೊಂಡ ಹಿಮೋಗ್ಲೋಬಿನ್‌ನ ಪಾಲು ಹೆಚ್ಚು. ಕೆಂಪು ರಕ್ತಕಣದ ಆಯುಷ್ಯ ಸುಮಾರು 120 ದಿನ. ಅಂಟಿದ ಗ್ಲುಕೋಸ್ ಆ ಕಣ ಇರುವವರೆಗೂ ಬಿಡುವುದಿಲ್ಲ. ಆದ್ದರಿಂದ ಪರೀಕ್ಷೆಯ ಹಿಂದಿನ ದಿನ ಉಪವಾಸವಿದ್ದು ಈ ಅಂಕಿಯನ್ನು ಇಳಿಸಲಾಗದು, ಮದುವೆಮನೆಯ ಒಂದು ಊಟದಿಂದ ಅದು ಏರುವುದೂ ಇಲ್ಲ.

ಆದರೆ ಕಣಗಳ ಆಯುಷ್ಯವೇ ಬದಲಾಗಿದ್ದರೆ ಅಂಕಿಯೂ ದಾರಿತಪ್ಪಿಸುತ್ತದೆ. ಕುಡಗೋಲು ಕಣ ರೋಗ ಇರುವವರಲ್ಲಿ ಮತ್ತು ಇತ್ತೀಚೆಗೆ ರಕ್ತಸ್ರಾವವಾದವರಲ್ಲಿ ಅದು ಇರುವುದಕ್ಕಿಂತ ಕಡಿಮೆ ತೋರಬಹುದು. ಕಬ್ಬಿಣದ ಕೊರತೆಯ ರಕ್ತಹೀನತೆ ಇರುವವರಲ್ಲಿ ಹೆಚ್ಚು ತೋರಬಹುದು. ಅಂಥವರಿಗೆ ವೈದ್ಯರು ಫ್ರಕ್ಟೋಸಮೀನ್ ಪರೀಕ್ಷೆಯನ್ನು ಸೂಚಿಸುವುದುಂಟು. ಅದು ಅಲ್ಬುಮಿನ್ ಮೊದಲಾದ ರಕ್ತದ ಪ್ರೋಟೀನುಗಳಿಗೆ ಅಂಟಿದ ಸಕ್ಕರೆಯನ್ನು ಅಳೆಯುತ್ತದೆ, ಮತ್ತು ಅಲ್ಬುಮಿನ್ ಹಿಮೋಗ್ಲೋಬಿನ್‌ಗಿಂತ ಬೇಗ ಬದಲಾಗುವುದರಿಂದ ಹಿಂದಿನ ಎರಡು ಮೂರು ವಾರಗಳ ಸ್ಥಿತಿಯನ್ನಷ್ಟೇ ತಿಳಿಸುತ್ತದೆ.